ವಿಮಾನ ಹತ್ತಿದ ಮರುಗ

ಕಪ್ಪು ಪಟ್ಟಿಯ ಮೇಲೆ ಒಂದರ ಹಿಂದೆ ಒಂದು ಸಾಗುತ್ತಿದ್ದ ಟ್ರೇಗಳು ಗಕ್ಕನೆ ನಿಂತವು.

ನಿಂತದ್ದು ಸರಿಯಾಗಿ ಧನುವಿನ ಗಿಡ ಎಕ್ಸ್‌ರೇ ಮಷಿನ್‌ನ ಹೊಟ್ಟೆಯೊಳಗೆ ಇದ್ದಾಗ. ಕಂಪ್ಯೂಟರ್ ಮುಂದೆ ಕೂತಿದ್ದ ಸೆಕ್ಯುರಿಟಿಯವರು ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. ಪಟ್ಟಿ ಹಿಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ ಬಂತು. ಮತ್ತೆ ಹಿಂದಕ್ಕೆ ಹೋಯಿತು.

"ಏನಾಯ್ತು ಧನು?" ಅಪ್ಪ ಪಿಸುಗುಟ್ಟಿದರು. ಬೆಲ್ಟ್ ಬಿಚ್ಚಿ ಟ್ರೇಗೆ ಹಾಕಿದ್ದರಿಂದ ಅವರು ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ನಿಂತಿದ್ದರು.

"ಏನೂ ಇಲ್ಲ ಅಪ್ಪ. ಗಿಡ ಅಲ್ವಾ, ಸ್ವಲ್ಪ ಜಾಸ್ತಿ ನೋಡ್ತಾರೆ ಅಷ್ಟೇ."

ಧನುವಿಗೆ ಎಳ್ಳಷ್ಟೂ ಭಯವಿರಲಿಲ್ಲ. ದೊಡ್ಡನೆಕ್ಕುಂದಿಯ ಐದನೇ ಕ್ಲಾಸಿನ ಧನಲಕ್ಷ್ಮಿ ಒಂದು ಕೆಲಸ ಹಿಡಿದಳೆಂದರೆ ಅರ್ಧಂಬರ್ಧ ಮಾಡುವವಳಲ್ಲ. ಅಮ್ಮನ ಮೊಬೈಲ್‌ನಲ್ಲಿ ಏರ್‌ಲೈನ್‌ನವರ ವೆಬ್‌ಸೈಟ್ ಓದಿದ್ದಳು. ಅದು ಸಾಲದು ಎಂದು ಕಸ್ಟಮರ್ ಕೇರ್‌ಗೂ ಫೋನ್ ಮಾಡಿದ್ದಳು. ಆ ಕಡೆಯ ಅಕ್ಕ ಹೇಳಿದ್ದನ್ನೆಲ್ಲ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡಿದ್ದಳು. ಚಿಕ್ಕ ಗಿಡವಾದರೆ ಕೈಯಲ್ಲೇ ತೆಗೆದುಕೊಂಡು ಹೋಗಬಹುದು. ಸೀಟಿನ ಕೆಳಗೆ ಹಿಡಿಸಬೇಕು. ನೀರು ಸೋರಬಾರದು. ಸೆಕ್ಯುರಿಟಿಯವರು ತೋರಿಸು ಎಂದರೆ ತೋರಿಸಬೇಕು.

ಅದಕ್ಕೇ ನಿನ್ನೆ ಬೆಳಗಿನಿಂದ ಅವಳು ಗಿಡಕ್ಕೆ ಒಂದು ತೊಟ್ಟು ನೀರನ್ನೂ ಹಾಕಿರಲಿಲ್ಲ.

ಗಿಡವೇನು ದೊಡ್ಡದಲ್ಲ. ಒಂದು ಲೀಟರ್ ಬಣ್ಣದ ಖಾಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಧನುವಿನ ಗೇಣಿಗಿಂತ ತುಸು ಎತ್ತರಕ್ಕೆ ಬೆಳೆದ ಮರುಗ. ಹೂ ಕಟ್ಟುವಾಗ ಕನಕಾಂಬರದ ನಡುನಡುವೆ ಹಸಿರಾಗಿ ಸೇರಿಸುತ್ತಾರಲ್ಲ, ಅದೇ. ಪುಟ್ಟ ಪುಟ್ಟ ಎಲೆ, ಮುಟ್ಟಿದರೆ ಬೆರಳೆಲ್ಲ ಘಮಘಮ. ಅಜ್ಜಿ ಅಂಜಿನಮ್ಮ ಹಿತ್ತಲಲ್ಲಿ ಬೆಳೆಸಿದ್ದ ಮರುಗ ಇದು. ಹಿತ್ತಲಿದ್ದ ಜಾಗದಲ್ಲಿ ಬಾಡಿಗೆ ಮನೆಗಳು ಎದ್ದ ಮೇಲೆ ಅಜ್ಜಿಯ ಜೊತೆ ಗಿಡಗಳೂ ಮಹಡಿ ಹತ್ತಿದ್ದವು.

ನಾಗಪುರದಲ್ಲಿರುವ ಶ್ಯಾಮಲಾ ಅತ್ತೆ ಹೊಸ ಮನೆ ಕಟ್ಟಿಸಿದ್ದಳು. ನಾಳೆ ಗೃಹಪ್ರವೇಶ. ಅಜ್ಜಿ ಬಾತ್‌ರೂಮಿನಲ್ಲಿ ಜಾರಿ ಬಿದ್ದು ಮಂಡಿಗೆ ಪಟ್ಟಿ ಹಾಕಿಸಿಕೊಂಡು ಕೂತಿದ್ದರಿಂದ ಅವರು ಹೋಗುವ ಹಾಗಿರಲಿಲ್ಲ. ಅಜ್ಜಿಯನ್ನು ನೋಡಿಕೊಳ್ಳಲು ಅಮ್ಮನೂ ಉಳಿದಳು. ಅಪ್ಪನಿಗೆ ಫ್ಯಾಕ್ಟರಿಯಲ್ಲಿ ಸಿಕ್ಕಿದ್ದು ರಾಜ್ಯೋತ್ಸವದ ರಜೆ ಸೇರಿಸಿ ನಾಲ್ಕೇ ದಿನ. ರೈಲಿನಲ್ಲಿ ಹೋದರೆ ಹೋಗಿ ಬರುವುದಕ್ಕೇ ಸರಿಹೋಗುತ್ತದೆ. ಹಾಗಾಗಿ ವಿಮಾನ.

"ನಾನಂತೂ ಓಗಕ್ಕಾಗಲ್ಲ ಕಣವ್ವ," ಎಂದಿದ್ದರು ಅಜ್ಜಿ, ಡಬ್ಬಿಯನ್ನು ಧನುವಿನ ಮಡಿಲಿಗೆ ಇಟ್ಟು. "ನನ್ನ ಬದ್ಲು ಇದನ್ನ ಕರ್ಕೊಂಡೋಗು. ಶ್ಯಾಮ್ಲಿ ಬಾಗ್ಲಲ್ಲಿ ಇದು ಚಿಗುರ್ಕೊಂಡ್ರೆ ನಂಗಷ್ಟೇ ಸಾಕು."

"ಕರ್ಕೊಂಡು ಹೋಗ್ತೀನಿ ಅಜ್ಜಿ. ನೀನು ಟೆನ್ಷನ್ ಮಾಡ್ಕೋಬೇಡ," ಎಂದು ಧನು ಮಾತು ಕೊಟ್ಟಿದ್ದಳು.

ಆದರೆ ಅಜ್ಜಿಗೆ ಇನ್ನೊಂದು ಆಸೆಯಿತ್ತು. "ಊರು ದಾಟೋ ಗಿಡಕ್ಕೆ ಒಂದ್ ಚೂರು ಕಬ್ಬಿಣ ಮಡಗ್ಬೇಕು. ಬರೀಗೈಲಿ ಕಳಿಸಿದ್ರೆ ದಾರೀಲಿ ಕಣ್ಣಾಯ್ತದೆ."

"ಅಯ್ಯೋ ಅಜ್ಜಿ, ಕಬ್ಬಿಣ ಇಟ್ರೆ ಏರ್‌ಪೋರ್ಟಲ್ಲಿ ಹಿಡ್ಕೋತಾರೆ. ಮಷಿನ್ ಇರುತ್ತೆ ಅಲ್ಲಿ."

"ಗಿಡ ಮುಖ್ಯವೋ ಮಿಷಿನ್ನು ಮುಖ್ಯವೋ?"

"ಎರಡೂ. ಕಬ್ಬಿಣ ಬೇಡ ಅಂದ್ರೆ ಬೇಡ."

ಅಜ್ಜಿ ಸ್ವಲ್ಪ ಹೊತ್ತು ಮೊಮ್ಮಗಳ ಮುಖ ನೋಡಿದರು. ಆಮೇಲೆ, "ಆಯ್ತು ಬುಡವ್ವ. ನಿಮ್ಮ ಇಮಾನದೋರು ಯೋಳ್ದಂಗೇ ಆಗ್ಲಿ," ಎಂದುಬಿಟ್ಟರು.

ಅಜ್ಜಿ ಅಷ್ಟು ಸುಲಭವಾಗಿ ಒಪ್ಪುವವರಲ್ಲ. ಧನು ಆಗಲೇ ಅನುಮಾನ ಪಡಬೇಕಿತ್ತು.

"ಯೇ ಪೌದಾ ಕಿಸ್ಕಾ ಹೈ?"

ಖಾಕಿ ಸಮವಸ್ತ್ರದ ಎತ್ತರದ ಮೇಡಂ ಒಬ್ಬರು ಗಿಡದ ಟ್ರೇ ಹಿಡಿದುಕೊಂಡು, ಈ ಗಿಡ ಯಾರದೆಂದು ಹಿಂದಿಯಲ್ಲಿ ಕೇಳಿದರು. ಅಪ್ಪ ಥಟ್ಟನೆ ಇನ್ನೊಂದು ಕೈಯಿಂದ ಜೇಬು ತಡಕಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಪಾಪ, ಅವರಿಗೂ ಇದು ಮೊದಲನೇ ವಿಮಾನ.

"ನನ್ನದು ಮೇಡಂ," ಎಂದಳು ಧನು, ಕನ್ನಡದಲ್ಲೇ.

ಮೇಡಂ ಮುಖ ತುಸು ಸಡಿಲವಾಯಿತು. ಅವರ ಎದೆಯ ಮೇಲಿನ ಪಟ್ಟಿಯಲ್ಲಿ ಮಹಾನಂದಾ ಎಂದು ಬರೆದಿತ್ತು. "ಈ ಕಡೆ ಬಾ ಹಂಗಾದ್ರ. ನೀವೂ ಬರ್ರೀ. ಯಾರು ಪ್ಯಾಕ್ ಮಾಡಿದ್ದು ಇದನ್ನ?"

"ನಾನೇ ಮೇಡಂ. ಮಣ್ಣು, ಬೇರು, ಗಿಡ ಅಷ್ಟೇ ಇರೋದು. ನಿನ್ನೆಯಿಂದ ನೀರು ಕೂಡ ಹಾಕಿಲ್ಲ."

"ಖರೇ? ಬ್ಯಾರೆ ಏನೂ ಇಲ್ಲ?"

"ಏನೂ ಇಲ್ಲ. ಪ್ರಾಮಿಸ್."

ಮಹಾನಂದಾ ಮೇಡಂ ಪಕ್ಕದ ಪರದೆಯತ್ತ ಬೆರಳು ತೋರಿಸಿದರು. ಅಲ್ಲಿ ಮಣ್ಣು ಕಿತ್ತಳೆ ಬಣ್ಣದಲ್ಲಿ ಕಾಣುತ್ತಿತ್ತು. ಬೇರುಗಳು ಎಳೆ ಎಳೆಯಾಗಿ ಹರಡಿಕೊಂಡಿದ್ದವು. ಅವುಗಳ ನಡುವೆ, ಕಡುನೀಲಿ ಬಣ್ಣದಲ್ಲಿ, ಬೆಕ್ಕಿನ ಉಗುರಿನ ಹಾಗೆ ಬಾಗಿದ ಚೂಪಾದ ಒಂದು ವಸ್ತು ಮಲಗಿತ್ತು.

ಧನುವಿಗೆ ಒಮ್ಮೆಲೇ ಬೆಳಗಿನದೆಲ್ಲ ನೆನಪಾಯಿತು. ಅವಳು ಶೂ ಹಾಕಿಕೊಳ್ಳುತ್ತಿದ್ದಾಗ ಅಜ್ಜಿ, "ಒಂದ್ಗಳಿಗೆ ಕೊಡವ್ವ, ದೇವ್ರ ಮುಂದೆ ಮಡಗಿ ಕೊಡ್ತೀನಿ," ಎಂದು ಡಬ್ಬಿ ಈಸಿಕೊಂಡಿದ್ದರು. ವಾಪಸ್ ಕೊಟ್ಟಾಗ ಡಬ್ಬಿಗೆ ಕುಂಕುಮ ಹಚ್ಚಿತ್ತು. ಮೇಲಿನ ಮಣ್ಣು ಈಗ ತಾನೇ ಸವರಿದ ಹಾಗೆ ನುಣ್ಣಗಿತ್ತು.

ಅವಳ ಕೆನ್ನೆ ಬಿಸಿಯಾಯಿತು. ಇಷ್ಟೆಲ್ಲ ಓದಿ, ಕೇಳಿ, ಬರೆದುಕೊಂಡು ಬಂದವಳು ಈಗ ಎಲ್ಲರೆದುರು ಸುಳ್ಳಿ. ಅಜ್ಜಿಯ ಮೇಲೆ ಅಳು ಬರುವಷ್ಟು ಸಿಟ್ಟು ಬಂತು.

"ನಾನು ಸುಳ್ಳು ಹೇಳಿಲ್ಲ ಮೇಡಂ," ಎಂದಳು. "ನನಗೆ ಗೊತ್ತಿರಲಿಲ್ಲ. ಅದು ಕಬ್ಬಿಣ ಇರಬೇಕು. ಗಿಡಕ್ಕೆ ದೃಷ್ಟಿ ಆಗಬಾರದು ಅಂತ ನಮ್ಮ ಅಜ್ಜಿ ಹೂತಿಟ್ಟಿದ್ದಾರೆ."

"ಅಜ್ಜಿ ಇಟ್ಟಾರ," ಎಂದು ಮೇಡಂ ಮೆಲ್ಲಗೆ ಹೇಳಿಕೊಂಡರು. "ನೋಡವಾ, ಚೂಪನ್ನೂದು ಏನೂ ಒಳಗ ಬಿಡಾಕ ಬರೂದಿಲ್ಲ. ಒಂದೋ ಗಿಡ ಇಲ್ಲೇ ಬಿಟ್ಟು ಹೋಗ್ರಿ. ಇಲ್ಲಾ, ಅದನ್ನ ಹೊರಗ ತಗದು ತೋರಸ್ರಿ."

ಅಷ್ಟರಲ್ಲಿ ಮೇಲಿನ ಸ್ಪೀಕರ್‌ನಲ್ಲಿ ನಾಗಪುರದ ವಿಮಾನಕ್ಕೆ ಬೋರ್ಡಿಂಗ್ ಶುರುವಾಗಿದೆ ಎಂದು ಕೂಗಿದರು. ಅಪ್ಪನ ಮುಖ ಬೆವರಿತು. ಅವರು ಧನುವಿನ ಭುಜ ಹಿಡಿದು ಪಕ್ಕಕ್ಕೆ ಕರೆದರು.

"ಬಿಟ್ಬಿಡೋಣ ಕಣಮ್ಮ. ಫ್ಲೈಟ್ ಹೋಗ್ಬಿಟ್ರೆ ಏನ್ ಮಾಡೋದು? ಅಲ್ಲೇ ನರ್ಸರೀಲಿ ಬೇರೆ ಗಿಡ ತಗೊಂಡು ಅತ್ತೆಗೆ ಕೊಡೋಣ."

"ಅತ್ತೆ ನಾಗಪುರದ ನರ್ಸರಿ ಎಲ್ಲಾ ಹುಡುಕಿದ್ದಾರೆ ಅಪ್ಪ. ಮರುಗ ಎಲ್ಲೂ ಸಿಕ್ಕಿಲ್ಲ."

"ಮುಂದಿನ ಸಲ ತರೋಣ ಬಿಡು."

"ಅಜ್ಜಿ ಬದಲಿಗೆ ಹೋಗ್ತಿರೋದು ಇದು. ಗೃಹಪ್ರವೇಶ ಮುಂದಿನ ಸಲ ಇರುತ್ತಾ?"

ಅಪ್ಪ ಗೇಟಿನ ಕಡೆ ನೋಡುವುದನ್ನು ಬಿಡಲಿಲ್ಲ.

ಧನು ತಿರುಗಿದಳು. ಮೇಡಂ ಕೈಗವಸು ಹಾಕಿಕೊಂಡು ಗಿಡದ ಬುಡಕ್ಕೆ ಕೈ ಹಾಕುತ್ತಿದ್ದರು.

"ಎಳೀಬೇಡಿ ಮೇಡಂ, ಬೇರು ಕಿತ್ತೋಗುತ್ತೆ. ನಾನೇ ತೆಗೀತೀನಿ. ನಂಗೆ ಬರುತ್ತೆ."

ಮೇಡಂ ಅವಳನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದರು. ನಂತರ ಕೈ ಹಿಂದಕ್ಕೆ ತೆಗೆದುಕೊಂಡು ಒಂದು ಖಾಲಿ ಟ್ರೇಯನ್ನು ಅವಳ ಮುಂದೆ ತಳ್ಳಿದರು. "ಲಗೂನ ಮಾಡು ಮತ್ತ."

ಇದು ಧನುವಿಗೆ ನಿಜಕ್ಕೂ ಬರುತ್ತಿತ್ತು. ಭಾನುವಾರ ಮಹಡಿಯ ಮೇಲೆ ಡಬ್ಬಿಯಿಂದ ಡಬ್ಬಿಗೆ ಗಿಡ ಬದಲಾಯಿಸುವಾಗ ಅಜ್ಜಿ ಅವಳಿಗೇ ಕೊಡುತ್ತಿದ್ದರು. ಅವಳು ಡಬ್ಬಿಯ ಸುತ್ತ ಅಂಗೈಯಿಂದ ಮೆಲ್ಲಗೆ ತಟ್ಟಿದಳು. ಕಾಂಡವನ್ನು ಎರಡು ಬೆರಳ ಸಂದಿಯಲ್ಲಿ ಹಿಡಿದು, ಅಂಗೈಯನ್ನು ಮಣ್ಣಿನ ಮೇಲೆ ಅಗಲವಾಗಿ ಇಟ್ಟು, ಡಬ್ಬಿಯನ್ನು ನಿಧಾನಕ್ಕೆ ತಲೆಕೆಳಗು ಮಾಡಿದಳು. ಎಳೆಯಬಾರದು, ಅದಾಗಿಯೇ ಕೈಗೆ ಬರಬೇಕು. ಹಾಗೆಂದು ಅಜ್ಜಿ ಎಷ್ಟು ಸಲ ಹೇಳಿದ್ದರೋ.

ಮತ್ತೆರಡು ಸಲ ತಟ್ಟಿದಳು. ಗಿಡ ಡಬ್ಬಿಯಿಂದ ಜಾರಿ ಅವಳ ಕೈಗೆ ಬಂತು.

ಆದರೆ ಒಂದು ದಿನವಿಡೀ ನೀರಿಲ್ಲದೆ ಮಣ್ಣು ಒಣಗಿತ್ತು. ಕೈಗೆ ಬಂದದ್ದೇ ಅದು ಬಿರುಕು ಬಿಟ್ಟು ಅರ್ಧಕ್ಕರ್ಧ ಟ್ರೇಗೆ ಉದುರಿತು. ಬೆಳ್ಳನೆಯ ಬೇರುಗಳು ಗಾಳಿಯಲ್ಲಿ ಜೋತಾಡಿದವು. ಮಣ್ಣಿನ ಜೊತೆಗೇ ಏನೋ ಒಂದು ಠಣ್ಣೆಂದು ಬಿತ್ತು.

ಅದು ತುಕ್ಕು ಹಿಡಿದ ಕಬ್ಬಿಣ. ಬೆರಳುದ್ದ, ಬಾಗಿದ ಬೆನ್ನು, ಚೂಪು ತುದಿ. ಮುರಿದ ಕಡೆ ಅಂಚು ಗರಗಸದ ಹಲ್ಲಿನ ಹಾಗೆ ತರಿತರಿಯಾಗಿತ್ತು.

ಅಲ್ಲಿಯವರೆಗೆ ಗೇಟಿನ ಕಡೆಗೇ ಕಣ್ಣಿಟ್ಟಿದ್ದ ಅಪ್ಪ ಬಗ್ಗಿ ನೋಡಿದರು. "ಇದು ಅವ್ವನ ಕುಡುಗೋಲಿನ ತುದಿ," ಎಂದರು.

"ಯಾವ ಕುಡುಗೋಲು?"

"ಇದ್ರಲ್ಲೇ ಅವ್ವ ರಾಗಿ ಕೊಯ್ತಾ ಇದ್ದಿದ್ದು. ನಿಮ್ಮ ಸ್ಕೂಲ್ ಹಿಂದೆ ಗ್ಲಾಸ್ ಬಿಲ್ಡಿಂಗ್ ಇದೆಯಲ್ಲ, ಅಲ್ಲೇ ನಮ್ಮ ಹೊಲ ಇತ್ತು. ಒಂದಿನ ಕಲ್ಲಿಗೆ ತಾಗಿ ಮುರಿದೋಯ್ತು. ಇನ್ನೂ ಇಟ್ಕೊಂಡಿದ್ದಾಳೆ ಅಂತ ನಂಗೇ ಗೊತ್ತಿರಲಿಲ್ಲ."

ಮಹಾನಂದಾ ಮೇಡಂ ಆ ತುಂಡನ್ನು ಎತ್ತಿ ತಿರುಗಿಸಿ ನೋಡಿದರು. "ನಾ ಟ್ರೇನಿಂಗಿಗೆ ಹೋಗೂ ಮುಂದ ನಮ್ಮ ಆಯಿನೂ ನನ್ನ ಟ್ರಂಕಿನಾಗ ಒಂದು ಕಬ್ಬಿಣದ ಮೊಳಿ ಒಗದಿದ್ಳು. ಎಲ್ಲಾರ ಮನ್ಯಾಗೂ ಇದು ಇದ್ದದ್ದ. ಆದ್ರ ಈ ಮಷಿನ್‌ಗೆ ಅಜ್ಜಿ ಯಾರು, ಕಳ್ಳ ಯಾರು ಗೊತ್ತಾಗೂದಿಲ್ಲವಾ."

"ಇದನ್ನ ಏನ್ ಮಾಡ್ತೀರಾ ಮೇಡಂ?"

"ಹೊರಗ ನಿಮ್ಮವರು ಯಾರರ ನಿಂತಿದ್ರ ಕೊಟ್ಟು ಬರಬಹುದು."

ಹೊರಗೆ ಯಾರೂ ಇರಲಿಲ್ಲ. ಅವರು ಬಂದದ್ದು ಬಸ್ಸಿನಲ್ಲಿ.

"ಹಂಗಾದ್ರ ಅಲ್ಲಿ ಹಾಕಬೇಕು."

ಗೋಡೆಯ ಪಕ್ಕದಲ್ಲಿ ಒಂದು ಗಾಜಿನ ಡಬ್ಬವಿತ್ತು. ಅದರ ತುಂಬ ಕತ್ತರಿ, ಲೈಟರ್, ಹಣ್ಣು ಕೊಯ್ಯುವ ಚಾಕು. ಧನು ಕುಡುಗೋಲಿನ ತುದಿಯನ್ನು ಹಿಡಿದುಕೊಂಡು ಅಲ್ಲಿಗೆ ಹೋದಳು. ಅಜ್ಜಿಯ ಮೇಲಿನ ಸಿಟ್ಟು ಇನ್ನೂ ಇತ್ತು. ಆದರೂ ಕೈ ಬಿಡುವ ಮುನ್ನ ಅದಕ್ಕೆ ಅಂಟಿದ್ದ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದಳು. ತುಂಡು ಒಂದು ಗುಲಾಬಿ ಬಣ್ಣದ ಕತ್ತರಿಯ ಪಕ್ಕ ಹೋಗಿ ಬಿತ್ತು.

ವಾಪಸ್ ಬಂದು ಅವಳು ಒಂದು ಕ್ಷಣವನ್ನೂ ಹಾಳು ಮಾಡಲಿಲ್ಲ. ಕರ್ಚೀಫು ಹರಡಿ, ಬೇರುಗಳನ್ನು ಅದರಲ್ಲಿ ಮಲಗಿಸಿ, ಮಗುವಿಗೆ ಸುತ್ತುವಂತೆ ಸುತ್ತಿದಳು. ಅದನ್ನು ಡಬ್ಬಿಯೊಳಗೆ ಇಳಿಸಿ, ಟ್ರೇಯಲ್ಲಿ ಬಿದ್ದ ಮಣ್ಣನ್ನೆಲ್ಲ ಬಳಿದು ಸುತ್ತ ತುಂಬಿದಳು. ಅಷ್ಟೂ ಹೊತ್ತು ಆ ಜಾಗವೆಲ್ಲ ಮರುಗದ ಘಮದಿಂದ ತುಂಬಿಹೋಗಿತ್ತು. ಹಿಂದೆ ಸಾಲಿನಲ್ಲಿ ನಿಂತಿದ್ದ ಒಬ್ಬ ಅಂಕಲ್, ಯಾವ ಪರ್ಫ್ಯೂಮ್ ಎಂದು ಪಕ್ಕದವರನ್ನು ಕೇಳಿದರು.

ಡಬ್ಬಿ ಇನ್ನೊಮ್ಮೆ ಮಷಿನ್‌ನೊಳಗೆ ಹೋಗಿ ಬಂತು. ಈ ಸಲ ಪಟ್ಟಿ ನಿಲ್ಲಲಿಲ್ಲ.

"ಮುಂದ ಕುಡಿಯೂ ನೀರಿನ ನಳ ಐತಿ. ಅರಿವಿ ತೋಯಿಸ್ಕೊ," ಎಂದರು ಮೇಡಂ. ಆಮೇಲೆ ಅಪ್ಪನ ಕಡೆ ತಿರುಗಿ, "ಬೆಲ್ಟ್ ಹಾಕ್ಕೊಳ್ರೀ ಸರ. ಓಡೂದೈತಿ ನೀವು," ಎಂದರು.

ನಳದಲ್ಲಿ ಕರ್ಚೀಫು ತೋಯಿಸಿಕೊಂಡು ಅವರು ಓಡಿದರು. ಗೇಟಿಗೆ ಅವರೇ ಕೊನೆಯವರು.

ವಿಮಾನ ಮೇಲೇರಿದಾಗ ಧನು ಕಿಟಕಿಯಿಂದ ಹೊರಗೆ ನೋಡಬೇಕಿತ್ತು. ಒಂದು ವಾರದಿಂದ ಅವಳು ಅದನ್ನೇ ಕಾಯುತ್ತಿದ್ದಳು. ಆದರೆ ಅವಳ ಕಣ್ಣು ಕಾಲ ಬಳಿಯಿದ್ದ ಡಬ್ಬಿಯ ಮೇಲೇ ಇತ್ತು. ಎಲೆಗಳು ಆಗಲೇ ಸೊರಗಿ ತಲೆ ಬಗ್ಗಿಸಿದ್ದವು. ಒದ್ದೆ ಬಟ್ಟೆ ಸಾಕಾಗುತ್ತದೋ ಇಲ್ಲವೋ.

"ಅಜ್ಜಿಗೆ ಬೇಡ ಅಂತ ನಾನು ಹೇಳಿದ್ದೆ ಅಪ್ಪ. ಸ್ಪಷ್ಟವಾಗಿ ಹೇಳಿದ್ದೆ. ಅಜ್ಜಿ ಆಯ್ತು ಅಂದಿದ್ರು."

"ಅವ್ವ ಆಯ್ತು ಅಂದ್ರೆ ಆಮೇಲೆ ಮಾಡ್ತೀನಿ ಅಂತ ಅರ್ಥ," ಎಂದರು ಅಪ್ಪ. ವಿಮಾನ ಹತ್ತಿದ ಮೇಲೆ ಅವರಿಗೆ ಧೈರ್ಯ ಬಂದಿತ್ತು. "ನಾನು ಐಟಿಐ ಎಕ್ಸಾಮ್‌ಗೆ ಹೋಗುವಾಗ ಶರ್ಟ್ ಜೇಬಿಗೆ ಮೊಳೆ ಹಾಕಿದ್ಲು. ಹೊಸ ಶರ್ಟು. ಪೇಪರ್ ಬರೆದು ಮುಗಿಸೋ ಹೊತ್ತಿಗೆ ಜೇಬು ತೂತು."

ಧನುವಿಗೆ ನಗು ಬಂದರೂ ನಗಲಿಲ್ಲ. ಸಿಟ್ಟು ಬಂದಾಗ ಅಷ್ಟು ಬೇಗ ನಗಬಾರದು.

ಹಸಿವಾಯಿತು. ಅಜ್ಜಿ ಕಟ್ಟಿಸಿಕೊಟ್ಟಿದ್ದ ಅಕ್ಕಿರೊಟ್ಟಿಯ ಬಾಕ್ಸ್ ತೆರೆದಳು. ರೊಟ್ಟಿಗಳ ಪಕ್ಕದಲ್ಲಿ, ಬಾಳೆಲೆಯ ಚೂರಿನಲ್ಲಿ ಮಡಿಚಿಟ್ಟ ಒಂದು ಪುಟ್ಟ ಪೊಟ್ಟಣವಿತ್ತು. ಚಟ್ನಿಪುಡಿ ಇರಬಹುದೆಂದು ಬಿಚ್ಚಿದರೆ ಒಂದು ಇದ್ದಿಲಿನ ತುಂಡು.

ಅವಳು ಅದನ್ನು ಬೆರಳ ತುದಿಯಲ್ಲಿ ಹಿಡಿದು ಅಪ್ಪನಿಗೆ ತೋರಿಸಿದಳು.

"ರೊಟ್ಟಿಗೂ ಕಣ್ಣಾಗಬಾರದಲ್ಲ," ಎಂದು ಅಪ್ಪ ಒಂದು ರೊಟ್ಟಿ ಎತ್ತಿಕೊಂಡರು.

ಎಂಟು ರೊಟ್ಟಿಗೆ ಒಂದು ಇದ್ದಿಲು. ಮಂಡಿಗೆ ಪಟ್ಟಿ ಕಟ್ಟಿಕೊಂಡ ಅಜ್ಜಿ ಇದನ್ನೆಲ್ಲ ಯಾವಾಗ ಮಾಡಿದರೋ. ಧನು ಇದ್ದಿಲನ್ನು ಬಿಸಾಡಲಿಲ್ಲ. ಇದ್ದ ಹಾಗೆಯೇ ಮಡಿಚಿ ಬಾಕ್ಸಿನ ಮೂಲೆಗೆ ಇಟ್ಟಳು.

ನಾಗಪುರದ ಮನೆ ತಲುಪಿದಾಗ ಬಾಗಿಲಲ್ಲಿ ಮಾವಿನ ತೋರಣ ಕಟ್ಟುತ್ತಿದ್ದರು. ಶ್ಯಾಮಲಾ ಅತ್ತೆ ಧನುವನ್ನು ಅಪ್ಪಿಕೊಳ್ಳಲು ಬಂದವಳು ಅವಳ ಕೈಯಲ್ಲಿದ್ದ ಡಬ್ಬಿ ಕಂಡು ನಿಂತಳು. ಒಂದು ಎಲೆ ಚಿವುಟಿ, ಬೆರಳಲ್ಲಿ ಹೊಸಕಿ ಮೂಗಿಗೆ ಹಿಡಿದಳು.

ಅಷ್ಟರಲ್ಲಿ ಅಪ್ಪನ ಫೋನ್ ಹೊಡೆದುಕೊಂಡಿತು. ಅಜ್ಜಿ.

"ಧನು, ಮಾತಾಡು," ಅಪ್ಪ ಫೋನ್ ಚಾಚಿದರು.

"ನೀವೇ ಮಾತಾಡಿ. ನಂಗೆ ಗಿಡದ ಕೆಲಸ ಇದೆ," ಎಂದು ಧನು ಡಬ್ಬಿ ಎತ್ತಿಕೊಂಡು ಹೊರಗೆ ಹೋಗಿಬಿಟ್ಟಳು.

ಸಿಟ್ಟು ಒಂದೇ ಕಾರಣವಲ್ಲ. ಕಬ್ಬಿಣ ಎಲ್ಲಿ ಎಂದು ಅಜ್ಜಿ ಕೇಳಿದರೆ ಏನು ಹೇಳುವುದು? ಏರ್‌ಪೋರ್ಟಿನ ಕಸದಲ್ಲಿದೆ ಎಂದರೆ ಅಜ್ಜಿ ನಿದ್ದೆ ಮಾಡುವುದಿಲ್ಲ. ಇದೆ ಎಂದರೆ ಸುಳ್ಳಾಗುತ್ತದೆ. ಇವತ್ತಿಗೆ ಒಂದು ಸಲ ಸುಳ್ಳಿಯಾದದ್ದು ಅವಳಿಗೆ ಸಾಕಾಗಿತ್ತು.

ಬಾಗಿಲ ಪಕ್ಕದಲ್ಲಿ ಅತ್ತೆ ಒಂದು ಮಣ್ಣಿನ ಕುಂಡ ಸಿದ್ಧ ಮಾಡಿಟ್ಟಿದ್ದಳು. ಧನು ಕರ್ಚೀಫು ಬಿಚ್ಚಿದಳು.

"ಅಯ್ಯೋ, ಇದ್ಯಾಕೆ ಹಿಂಗೆ ಸೊರಗಿದೆ? ಮಣ್ಣೆಲ್ಲ ಎಲ್ಲೋಯ್ತು?" ಹಿಂದೆಯೇ ಬಂದ ಅತ್ತೆ ಕೇಳಿದಳು.

ಧನು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ನೋಟ್‌ಬುಕ್ಕಿನ ಕೊನೆಯ ಪುಟ, ಕುಂಕುಮ, ಪರದೆಯ ಮೇಲಿನ ನೀಲಿ ಉಗುರು, ಮಹಾನಂದಾ ಮೇಡಂ, ಗಾಜಿನ ಡಬ್ಬ. ಪ್ಯಾಂಟು ಹಿಡಿದುಕೊಂಡ ಅಪ್ಪನನ್ನೂ ಬಿಡಲಿಲ್ಲ. ಅತ್ತೆ ನಗುತ್ತಲೇ ಕೇಳಿದಳು. ಕುಡುಗೋಲಿನ ತುದಿ ಎಂದಾಗ ಮಾತ್ರ ಅವಳ ನಗು ನಿಂತಿತು.

"ಇರು, ಬಂದೆ," ಎಂದು ಒಳಗೆ ಹೋದಳು.

ಬಂದಾಗ ಅವಳ ಕೈಯಲ್ಲಿ ಅರಿಶಿನ ಹಚ್ಚಿದ ಬಟ್ಟೆಯ ಗಂಟಿತ್ತು. ಬಿಚ್ಚಿದಳು. ಒಳಗೆ ತುಕ್ಕು ಹಿಡಿದ, ಬಾಗಿದ ಕಬ್ಬಿಣದ ಇನ್ನೊಂದು ತುಂಡು. ಹಿಡಿಯಿಲ್ಲ, ತುದಿಯಿಲ್ಲ, ನಡುವಿನ ಭಾಗ ಮಾತ್ರ. ಅದರ ಒಂದು ಅಂಚು ಗರಗಸದ ಹಲ್ಲಿನ ಹಾಗೆ ತರಿತರಿಯಾಗಿತ್ತು. ಧನು ಆ ಅಂಚನ್ನು ಬೆರಳಿನಿಂದ ಮುಟ್ಟಿದಳು. ಬೆಳಿಗ್ಗೆ ಇದರ ಜೋಡಿ ಅವಳ ಕೈಯಲ್ಲೇ ಇತ್ತು.

"ನಾನು ಮದ್ವೆಯಾಗಿ ರೈಲು ಹತ್ತೋ ದಿನ ಅವ್ವ ಸೀರೆ ಮಡಿಕೇಲಿ ಇಟ್ಟಿದ್ಲು," ಎಂದಳು ಅತ್ತೆ. "ಇಲ್ಲಿ ಬಂದು ಪೆಟ್ಟಿಗೆ ಬಿಚ್ಚಿದಾಗ ಗೊತ್ತಾಯ್ತು. ಹೊಸ ಸೀರೆ ಮೇಲೆಲ್ಲ ತುಕ್ಕಿನ ಕಲೆ. ಫೋನ್ ಮಾಡಿ ಜಗಳ ಆಡಿದ್ದೆ. ಯಾಕವ್ವ ಈ ಗುಜರಿ ಸಾಮಾನು ಅಂತ."

"ಮತ್ತೆ ಯಾಕೆ ಅತ್ತೆ ಇಟ್ಕೊಂಡಿದ್ದೀರಾ?"

ಅತ್ತೆ ಮೆಟ್ಟಿಲ ಮೇಲೆ ಕೂತಳು. "ಮೊದಲ ವರ್ಷ ಇಲ್ಲಿ ನಂಗೆ ಯಾರೂ ಗೊತ್ತಿರಲಿಲ್ಲ ಕಣೆ. ಹಿಂದಿ ಬರ್ತಿರಲಿಲ್ಲ, ಮರಾಠಿ ಮೊದಲೇ ಇಲ್ಲ. ನಿಮ್ಮ ಮಾವ ಡ್ಯೂಟಿಗೆ ಹೋದ್ರೆ ಗೋಡೆ ನೋಡ್ಕೊಂಡು ಕೂತಿರ್ತಿದ್ದೆ. ಆಗಾಗ ಇದನ್ನ ತೆಗೆದು ನೋಡ್ತಿದ್ದೆ. ಎಸೆಯಕ್ಕೆ ಮನಸ್ಸು ಬರಲಿಲ್ಲ. ಮೂರು ಬಾಡಿಗೆ ಮನೆ ಬದಲಾಯಿಸಿದ್ರೂ ಇದು ಜೊತೇಲೇ ಬಂತು."

ಅವಳು ತುಂಡನ್ನು ಧನುವಿನ ಅಂಗೈಯಲ್ಲಿಟ್ಟಳು. "ನೀನೇ ಇಡು. ಗಿಡ ಕರ್ಕೊಂಡು ಬಂದವಳು ನೀನಲ್ವಾ."

ಧನು ಕಬ್ಬಿಣವನ್ನು ಒಂದು ಗಳಿಗೆ ಹಿಡಿದುಕೊಂಡಿದ್ದಳು. ಅದು ಭಾರವಾಗಿತ್ತು, ತಣ್ಣಗಿತ್ತು. ಅಜ್ಜಿ ನಾಗಪುರ ನೋಡಿಲ್ಲ. ವಿಮಾನ ಇರಲಿ, ಹೆಬ್ಬಾಳದ ಆಚೆಗೂ ಹೋದವರಲ್ಲ. ತಾನು ಹೋಗದ ದಾರಿಯಲ್ಲಿ ಮನೆಯವರು ಹೋಗುವಾಗ ಅಜ್ಜಿಯ ಬಳಿ ಕೊಡಲು ಇದ್ದದ್ದು ಈ ಒಂದು ಕುಡುಗೋಲು. ಅದನ್ನೂ ತುಂಡು ತುಂಡಾಗಿ ಹಂಚಿಬಿಟ್ಟಿದ್ದರು.

ಅವಳು ಮೊದಲು ಗಿಡ ನೆಟ್ಟಳು. ಬೇರುಗಳನ್ನು ಬೆರಳಿನಿಂದ ಬಿಡಿಸಿ ಹರಡಿದಳು. ಊರಿನಿಂದ ಬಂದ ಅರ್ಧ ಡಬ್ಬಿ ಮಣ್ಣನ್ನು ಬುಡಕ್ಕೇ ಹಾಕಿ, ಸುತ್ತ ಇಲ್ಲಿನ ಕಪ್ಪು ಮಣ್ಣು ತುಂಬಿದಳು. ಆಮೇಲೆ ಕಬ್ಬಿಣದ ತುಂಡನ್ನು ಬೇರಿಗೆ ತಾಗದ ಹಾಗೆ, ಕುಂಡದ ಅಂಚಿಗೆ ಸೇರಿಸಿ ಆಳಕ್ಕೆ ಒತ್ತಿದಳು. ಮೇಲಿನ ಮಣ್ಣನ್ನು ನುಣ್ಣಗೆ ಸವರಿ, ಎರಡು ದಿನದಿಂದ ತಡೆದಿಟ್ಟಿದ್ದ ನೀರನ್ನು ಧಾರಾಳವಾಗಿ ಹಾಕಿದಳು.

ಗೃಹಪ್ರವೇಶದ ದಿನವೆಲ್ಲ ಗಿಡ ತಲೆ ಎತ್ತಲಿಲ್ಲ. ಹೋಮ ನಡೆಯುವಾಗಲೂ, ಊಟ ಬಡಿಸುವಾಗಲೂ ಧನು ನಡುನಡುವೆ ಎದ್ದು ಹೋಗಿ ನೋಡಿ ಬರುತ್ತಿದ್ದಳು. ಅಜ್ಜಿಯ ಫೋನ್ ಬಂದಾಗಲೆಲ್ಲ ಅವಳಿಗೆ ಏನಾದರೊಂದು ಕೆಲಸವಿರುತ್ತಿತ್ತು. ಒಣಗಿದ ಗಿಡ ತೋರಿಸಲು ಅವಳಿಗೆ ಇಷ್ಟವಿರಲಿಲ್ಲ.

ಮೂರನೆಯ ಬೆಳಿಗ್ಗೆ ಎದ್ದವಳೇ ಬಾಗಿಲಿಗೆ ಓಡಿದಳು. ಕೆಳಗಿನ ನಾಲ್ಕೈದು ಎಲೆ ಒಣಗಿ ಉದುರಿದ್ದವು. ಆದರೆ ಕುಡಿಗಳು ನೆಟ್ಟಗೆ ನಿಂತಿದ್ದವು. ಎರಡು ಕುಡಿಗಳ ನಡುವೆ ಸಾಸಿವೆ ಕಾಳಿನಷ್ಟು ಹೊಸ ಚಿಗುರು ಕಾಣುತ್ತಿತ್ತು.

ಧನು ಅಪ್ಪನ ಫೋನ್ ತೆಗೆದುಕೊಂಡು ತಾನೇ ವಿಡಿಯೋ ಕಾಲ್ ಮಾಡಿದಳು. ಮೊದಲು ಅಜ್ಜಿಯ ಕಿವಿ ಕಂಡಿತು, ಆಮೇಲೆ ಹಣೆ, ಕೊನೆಗೆ ಅಮ್ಮ ಫೋನ್ ಸರಿಯಾಗಿ ಹಿಡಿದ ಮೇಲೆ ಪೂರ್ತಿ ಮುಖ.

"ಏನವ್ವ, ಫೋನಿಗೇ ಬತ್ತಿಲ್ವಲ್ಲ ನೀನು. ಗಿಡ ಎಂಗದೆ?"

"ನೋಡು ಅಜ್ಜಿ. ಚಿಗುರಿದೆ." ಧನು ಫೋನನ್ನು ಗಿಡದ ಹತ್ತಿರಕ್ಕೆ ಹಿಡಿದಳು.

ಅಜ್ಜಿ ಬಹಳ ಹೊತ್ತು ನೋಡಿದರು. "ಮಿಷಿನ್ನಲ್ಲಿ ಏನೂ ಅನ್ನಲಿಲ್ವಾ?" ಎಂದು ಮೆತ್ತಗೆ ಕೇಳಿದರು. ಗೊತ್ತಿಲ್ಲದವರ ಹಾಗೆ ಕೇಳುವುದು ಅವರಿಗೆ ಸರಿಯಾಗಿ ಬರುತ್ತಿರಲಿಲ್ಲ.

"ಅಂದ್ರು ಅಜ್ಜಿ. ನೀನು ಇಟ್ಟಿದ್ದನ್ನ ಅಲ್ಲೇ ತೆಗೆಸಿದ್ರು."

ಅಜ್ಜಿಯ ಮುಖ ಸಣ್ಣಗಾಯಿತು. "ಅಂಗಾದ್ರೆ ಬರೀಗೈಲೇ ಓಯ್ತಾ ಅದು?"

"ಇಲ್ಲ. ಕಬ್ಬಿಣ ಇದೆ ಗಿಡದ ಹತ್ರ. ನೀನು ಅತ್ತೆಗೆ ಕೊಟ್ಟಿದ್ಯಲ್ಲ ಸೀರೆ ಮಡಿಕೇಲಿ, ಅದು." ಧನು ಫೋನನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. "ನಾನೇ ಇಟ್ಟೆ."

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡರು. ಫೋನ್ ಮತ್ತೆ ಅಲುಗಾಡಿ ಬರೀ ಛಾವಣಿ ಕಾಣಿಸಿತು.

ಮಧ್ಯಾಹ್ನ ಹೊರಡುವ ಹೊತ್ತಿಗೆ ಅತ್ತೆ ಅಜ್ಜಿಗೆಂದು ಒಂದು ಚೀಲ ಕಿತ್ತಳೆ ತಂದಿಟ್ಟಳು. ಈ ವರ್ಷದ ಮೊದಲ ಹಣ್ಣುಗಳು, ಇನ್ನೂ ಅಲ್ಲಲ್ಲಿ ಹಸಿರು. ಅಪ್ಪ ಚೀಲದ ಬಾಯಿ ಕಟ್ಟಲು ದಾರ ಹುಡುಕುತ್ತಿದ್ದರು.

"ಒಂದ್ನಿಮಿಷ ಅಪ್ಪ, ಕಟ್ಬೇಡಿ," ಎಂದಳು ಧನು.

ಅವಳು ಹಿತ್ತಲಿಗೆ ಹೋದಳು. ಅಲ್ಲಿ ಗೋಡೆಯ ಬದಿಗೆ ಹೋಮದ ಇಟ್ಟಿಗೆಗಳನ್ನೂ ಬೂದಿಯನ್ನೂ ರಾಶಿ ಹಾಕಿದ್ದರು. ಕಡ್ಡಿಯಿಂದ ಕೆದಕಿ ಒಂದು ಇದ್ದಿಲು ಆರಿಸಿದಳು. ಊದಿ ಬೂದಿ ಹಾರಿಸಿ, ಪೇಪರಿನಲ್ಲಿ ಮಡಿಚಿ ತಂದು, ಕಿತ್ತಳೆಗಳ ನಡುವೆ ತಳ್ಳಿದಳು.

ಅಪ್ಪ ಹುಬ್ಬೇರಿಸಿದರು. "ಮತ್ತೆ ಮಷಿನ್‌ನಲ್ಲಿ ಹಿಡ್ಕೊಂಡ್ರೆ?"

"ಇದ್ದಿಲಿಗೆ ಏನೂ ಅನ್ನಲ್ಲ ಅಪ್ಪ. ಬರುವಾಗ ರೊಟ್ಟಿ ಬಾಕ್ಸಲ್ಲೇ ಇತ್ತಲ್ಲ," ಎಂದು ಹೇಳಿ ಧನು ಚೀಲದ ಬಾಯಿಯನ್ನು ಎರಡು ಗಂಟು ಹಾಕಿ ಕಟ್ಟಿದಳು.